ಬೆಡಿ, ಮದ್ದು, ಕೇಪು

ಘಟ್ಟದ ಮೇಲಿನವರಿಗೆ ಬೇಡಿ ಅಂದರೆ ಪೊಲೀಸರು ಕೈಗೆ ತೊಡಿಸುವುದು. ನಮ್ಮ ಕಾಸರಗೋಡಿನಲ್ಲಿ ಆ ದೀರ್ಘವನ್ನು ಕಳೆದು 'ಬೆಡಿ' ಅಂದರೆ ಅರ್ಥ ಪೂರ್ತಿ ಬೇರೆ. ಜನವರಿಯಲ್ಲಿ ಕುಂಬಳೆ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆಗೆ ಹೋಗುವವರು "ಕುಂಬಳೆ ಬೆಡಿಗೆ ಹೋಗುವುದು" ಅನ್ನುತ್ತಾರೆ. ಅಲ್ಲಿ ಬೆಡಿ ಅಂದರೆ ಸುಡುಮದ್ದು. ಮನೆಯ ಮೂಲೆಯಲ್ಲಿ ಒರಗಿಸಿಟ್ಟ ಕೋವಿಯೂ ಬೆಡಿಯೇ, ಅದರಿಂದ ಹೊರಡುವ ಈಡೂ ಬೆಡಿಯೇ.

ಇನ್ನು 'ಮದ್ದು'. ಜ್ವರಕ್ಕೆ ಕುಡಿಯುವುದು ಮದ್ದು. ಆಟಿಯಲ್ಲಿ ಅಡಕೆ ಮರಕ್ಕೆ ಬಿಡುವ ಮೈಲುತುತ್ತು-ಸುಣ್ಣವೂ ಮದ್ದು. ಕೋವಿಗೆ ತುಂಬಿಸುವ ಮಸಿಯೂ ಮದ್ದು. ಒಂದೇ ಶಬ್ದ ಒಂದು ಕಡೆ ಜೀವ ಉಳಿಸುತ್ತದೆ, ಇನ್ನೊಂದು ಕಡೆ ತೆಗೆಯುತ್ತದೆ. ಭಾಷೆ ಪಾಠ ಮಾಡುವ ನಮಗೆ ಇದು ತಮಾಷೆಯ ಸಂಗತಿಯಾಗಿಯೇ ಇತ್ತು, ಹಂದಿಯ ನೋಟೀಸು ಬರುವ ತನಕ.

ಹಂದಿಯ ವಿಷಯ ನಿಮಗೆಲ್ಲ ಗೊತ್ತಿದೆ. ಒಂದು ರಾತ್ರಿಯಲ್ಲಿ ಮರಗೆಣಸಿನ ಸಾಲು ಪೂರ್ತಿ ಮಗುಚಿ ಹಾಕಿ ಹೋಗುತ್ತದೆ. ಅಡಕೆ ಸಸಿ, ಬಾಳೆ, ಗದ್ದೆ ಯಾವುದೂ ಬಿಡುವುದಿಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಿಸಲು ಅಪ್ಪಣೆ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಆಮೇಲೆ ಅದರ ಅವಧಿಯನ್ನು ಮುಂದುವರಿಸಿದರು. ಲೈಸನ್ಸ್ ಇರುವ ಕೋವಿಯವರಿಂದ ಮಾತ್ರ ಹೊಡೆಸಬೇಕು. ವಿಷ ಇಡಬಾರದು, ತೋಟೆ ಇಡಬಾರದು, ಕರೆಂಟು ಹಾಯಿಸಬಾರದು. ಸತ್ತ ಹಂದಿಯನ್ನು ಕ್ರಮಪ್ರಕಾರ ವಿಲೇವಾರಿ ಮಾಡಬೇಕು.

ನಮ್ಮ ಕಡೆಗೆ ಈ ವಿಷಯದ ಕಾಗದ ಬಂದದ್ದು ಮಲಯಾಳದಲ್ಲಿ. ಪೋಷಕರೊಬ್ಬರು ಅದನ್ನು ಮಡಚಿ ಅಂಗಿ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಬಂದರು. "ಮಾಷ್ಟ್ರೇ, ಇದೊಂದು ಓದಿ ಹೇಳಿ. ನನ್ನ ಹೆಸರೂ ಕೊಟ್ಟಿದ್ದಾರಂತೆ" ಅಂದರು. ಅವರ ಅಪ್ಪನ ಕಾಲದ ಹನ್ನೆರಡು ಬೋರಿನ ಕೋವಿ ಅವರ ಹೆಸರಿಗೆ ವರ್ಗವಾಗಿದೆ. ಚುನಾವಣೆ ಬಂದಾಗ ಠಾಣೆಗೆ ಒಯ್ದು ಕೊಡುವುದು, ಮುಗಿದ ಮೇಲೆ ತರುವುದು, ಅಷ್ಟೇ ಆ ಕೋವಿಯ ತಿರುಗಾಟ! ಓದಿ ಹೇಳಿದ ಮೇಲೆ ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. "ಮಳೆಗಾಲದಲ್ಲಿ ಕೆಲವು ತೋಟೆ ಹಿಡಿಯುವುದೇ ಇಲ್ಲ. ಯಾಕೆ?"

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಶಾಲೆಯಲ್ಲೇ ಕಲಿತು ಈಗ ಅಮೆರಿಕದಲ್ಲಿರುವ ಹುಡುಗನೊಬ್ಬನಿಂದ. ರಜೆಯಲ್ಲಿ ಊರಿಗೆ ಬಂದವನು ನಮ್ಮನ್ನು ನೋಡಲು ಬಂದಿದ್ದ. ಅಲ್ಲಿ ಅವನಿಗೆ ದೂರದ ಗುರಿಗೆ ಹೊಡೆಯುವ ಹವ್ಯಾಸ. ಸಾವಿರ ಗಜ ದೂರದಲ್ಲಿ ಕಾಗದದ ಗುರಿ ಇಟ್ಟು ಹೊಡೆಯುತ್ತಾರೆ. ಅದಕ್ಕೆ ಅಂಗಡಿಯ ತೋಟೆ ಸಾಲದೆಂದು, ಒಮ್ಮೆ ಹೊಡೆದ ಹಿತ್ತಾಳೆ ಚಿಪ್ಪನ್ನು ಹೆಕ್ಕಿ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಇಟ್ಟು ತಾವೇ ತಯಾರಿಸಿಕೊಳ್ಳುತ್ತಾರಂತೆ. ಅಲ್ಲಿನ ಕಾನೂನು ಅದಕ್ಕೆ ಬಿಡುತ್ತದೆ. ಅವನು ಹೇಳಿದ್ದನ್ನು ಕೇಳುತ್ತಾ, ಆಮೇಲೆ ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ಸೇರಿಸುತ್ತಾ ಇಲ್ಲಿ ಬರೆದಿದ್ದೇವೆ. ಹತ್ತನೇ ತರಗತಿಯ ಭೌತ, ರಸಾಯನ ಎರಡೂ ಇದರಲ್ಲಿ ಇವೆ.

ಮೊದಲು ಕೇಪು. ಇದನ್ನು ಕಂಡುಹಿಡಿದದ್ದಕ್ಕೆ ಕಾರಣ ಒಬ್ಬ ಪಾದ್ರಿ ಮತ್ತು ಬಾತುಕೋಳಿಗಳು! ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಮರುಳು. ಆಗಿನ ಕೋವಿಗೆ ಚಕಮಕಿ ಕಲ್ಲು. ಮೊದಲು ಹೊರಗಿನ ಬಟ್ಟಲಿನ ಮದ್ದು ಭಗ್ಗೆಂದು ಉರಿಯುವುದು, ಕ್ಷಣ ಬಿಟ್ಟು ಈಡು ಹೊರಡುವುದು. ಆ ಬೆಳಕು ಕಂಡು ಹಕ್ಕಿ ಹಾರಿಹೋಗುತ್ತಿತ್ತು. ಬೆಂಕಿ ಹೊರಗೆ ಕಾಣದ ಹಾಗೆ, ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕ ಬಳಸುವ ಉಪಾಯಕ್ಕೆ ಅವನು 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದನ್ನೇ ತಾಮ್ರದ ಸಣ್ಣ ಟೊಪ್ಪಿಯೊಳಗೆ ಇಟ್ಟರು. ನಮ್ಮ ಅಜ್ಜಂದಿರು ಹೇಳುತ್ತಿದ್ದ 'ಕೇಪಿನ ಕೋವಿ' ಇದೇ. ಕ್ಯಾಪ್ ಅಂದರೆ ಟೊಪ್ಪಿ, ಅದು ನಮ್ಮ ಬಾಯಲ್ಲಿ ಕೇಪು.

ಈಗಿನ ತೋಟೆಯಲ್ಲಿ ಕೇಪು ಹಿಂಬದಿಯ ನಡುವಿನಲ್ಲಿ ಕೂತಿರುತ್ತದೆ. ಕೋವಿಯ ಸೂಜಿ ಬಂದು ಬಡಿದಾಗ, ಆಚಾರಿಯ ಅಡಿಗಲ್ಲಿನ ಹಾಗಿರುವ ಒಂದು ಚೂರು ಲೋಹಕ್ಕೂ ಟೊಪ್ಪಿಗೂ ನಡುವೆ ಆ ರಾಸಾಯನಿಕ ಜಜ್ಜಿ ಸಿಡಿಯುತ್ತದೆ. ಕಿಡಿ ಸಣ್ಣ ತೂತಿನಿಂದ ಒಳಗೆ ಹೋಗಿ ಮದ್ದನ್ನು ಹಿಡಿಸುತ್ತದೆ. ಇದರಲ್ಲಿ ಎರಡು ಪಂಥ. ಅಮೆರಿಕದ ಬರ್ಡನ್ ಎಂಬವನ ಕ್ರಮದಲ್ಲಿ ಅಡಿಗಲ್ಲು ಚಿಪ್ಪಿನ ಭಾಗವೇ, ತೂತು ಸಾಮಾನ್ಯವಾಗಿ ಎರಡು. ಇಂಗ್ಲೆಂಡಿನ ಬಾಕ್ಸರ್ ಎಂಬವನ ಕ್ರಮದಲ್ಲಿ ಅಡಿಗಲ್ಲು ಕೇಪಿನೊಳಗೇ ಇದೆ, ತೂತು ನಡುವಿನಲ್ಲಿ ಒಂದೇ. ಹಾಗಾಗಿ ಹಳೆ ಕೇಪನ್ನು ಕಡ್ಡಿಯಿಂದ ನೂಕಿ ತೆಗೆಯಲು ಸುಲಭ. ವಿಚಿತ್ರವೆಂದರೆ, ಅಮೆರಿಕದವರು ಹಿಡಿದದ್ದು ಇಂಗ್ಲೆಂಡಿನವನ ಕ್ರಮ, ಯುರೋಪಿನ ಸೈನ್ಯಗಳು ಹೆಚ್ಚಾಗಿ ಹಿಡಿದದ್ದು ಅಮೆರಿಕದವನದ್ದು! ಮನೆಯಲ್ಲಿ ಮತ್ತೆ ತುಂಬಿಸುವವರಲ್ಲಿ ಹೆಚ್ಚಿನವರು ಬಾಕ್ಸರ್ ಪಂಥದವರೇ.

ಕೇಪು ಆರಿಸುವುದರಲ್ಲಿ ಅವರ ಮುಖ್ಯ ಸೂತ್ರ 'ಒಳ್ಳೆಯದು' ಅಲ್ಲ, 'ಒಂದೇ ರೀತಿಯದು'. ಒಂದೇ ಕಂಪೆನಿಯ, ಒಂದೇ ಬ್ಯಾಚಿನ ಪೆಟ್ಟಿಗೆಯಿಂದ ತೆಗೆದದ್ದೇ ಆಗಬೇಕು. ಒಂದರ ಕಿಡಿ ಜೋರು, ಇನ್ನೊಂದರದ್ದು ಮೆಲ್ಲ ಆದರೆ ಮದ್ದು ಉರಿಯುವ ರೀತಿ ಬದಲಾಗುತ್ತದೆ, ಗುಂಡಿನ ವೇಗವೂ ಬದಲಾಗುತ್ತದೆ. ಕೇಪು ಕೂರುವ ಗುಳಿಯ ಮಸಿ ತೆಗೆದು, ಎಲ್ಲವನ್ನೂ ಒಂದೇ ಆಳಕ್ಕೆ ಕೂರಿಸುತ್ತಾರೆ. ಮೇಲೆ ನಿಂತ ಕೇಪಿಗೆ ಸೂಜಿಯ ಪೆಟ್ಟಿನ ಅರ್ಧ ಶಕ್ತಿ ಅದನ್ನು ಕೆಳಗೆ ನೂಕುವುದರಲ್ಲೇ ಹೋಗಬಹುದು. ಹಿಡಿಯದೆ ಹೋಗುವುದಕ್ಕೆ ಅದೂ ಒಂದು ಕಾರಣ.

ಇಷ್ಟು ಸೂಕ್ಷ್ಮ ಯಾಕೆ ಎಂದು ಮಕ್ಕಳಿಗೆ ಲೆಕ್ಕ ಕೊಟ್ಟೆವು. ಗಾಳಿಯ ತಡೆ ಬಿಟ್ಟುಬಿಡಿ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 1,000 ಮೀಟರ್ ಹೋಗಲು 1.25 ಸೆಕೆಂಡು. ಅಷ್ಟರಲ್ಲಿ ಅದು ಭೂಮಿಯ ಸೆಳೆತಕ್ಕೆ 7.66 ಮೀಟರ್ ಕೆಳಗೆ ಬಿದ್ದಿರುತ್ತದೆ. ವೇಗ 790 ಆದರೆ 7.85 ಮೀಟರ್. ಸೆಕೆಂಡಿಗೆ ಬರೇ 10 ಮೀಟರ್ ವ್ಯತ್ಯಾಸಕ್ಕೆ ಗುರಿಯಲ್ಲಿ ಹತ್ತಿರ ಹತ್ತಿರ 20 ಸೆಂಟಿಮೀಟರ್ ತಪ್ಪಿತು! ಗಾಳಿಯ ತಡೆಯನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಯಾವಾಗಲೂ ಲೆಕ್ಕಕ್ಕೆ ಹಿಂದೆ ಕೂರುವ ಹುಡುಗರು ಅಂದು ಮುಂದಿನ ಬೆಂಚಿಗೆ ಬಂದಿದ್ದರು.

ಇನ್ನು ಹಿತ್ತಾಳೆ. ತೋಟೆಯ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಈಡು ಹೊರಟಾಗ ಚಿಪ್ಪು ಉಬ್ಬಿ ಕೋವಿಯ ಗೋಡೆಗೆ ಅಂಟಿ, ಹಿಂದಕ್ಕೆ ಬೆಂಕಿ ಬಾರದ ಹಾಗೆ ತಡೆಯುತ್ತದೆ. ಒತ್ತಡ ಇಳಿದ ಕೂಡಲೇ ಸ್ವಲ್ಪ ಕುಗ್ಗಿ ಹೊರಗೆ ಬರುತ್ತದೆ. ಆದರೆ ಉಬ್ಬಿಸಿ, ಕುಗ್ಗಿಸಿ ಮಾಡಿದಷ್ಟೂ ಹಿತ್ತಾಳೆ ಗಡಸಾಗುತ್ತದೆ, ಕಡೆಗೆ ಕುತ್ತಿಗೆಯಲ್ಲಿ ಬಿರಿಯುತ್ತದೆ. ಹಳೆ ಚೊಂಬಿನ ತಗ್ಗು ಸರಿ ಮಾಡುವವನು ಅದನ್ನು ಬಡಿಯುವ ಮೊದಲು ಕಾಯಿಸುವುದನ್ನು ನೋಡಿದವರಿಗೆ ಇದರ ಮದ್ದು ಗೊತ್ತು. ಕಾಯಿಸಿದರೆ ಹಿತ್ತಾಳೆ ಮತ್ತೆ ಮೆದು. ಕಬ್ಬಿಣದ ಕತ್ತಿಯನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡಸು, ಹಿತ್ತಾಳೆಯನ್ನು ಅದ್ದಿದರೆ ಮೆದುವೇ ಉಳಿಯುತ್ತದೆ. ಈ ಎರಡರ ವ್ಯತ್ಯಾಸ ನಮ್ಮ ಆಚಾರಿಗಳಿಗೆ ಪಾಠಪುಸ್ತಕ ಇಲ್ಲದೆ ಗೊತ್ತಿತ್ತು.

ಆ ಹುಡುಗ ಕುತ್ತಿಗೆಯನ್ನು ಮಾತ್ರ ಕಾಯಿಸುತ್ತಾನೆ, ಬುಡವನ್ನು ಕಾಯಿಸುವುದೇ ಇಲ್ಲ. ಬುಡ ಗಡಸಾಗಿಯೇ ಇರಬೇಕು, ಮೆದುವಾದರೆ ಒತ್ತಡಕ್ಕೆ ಹರಿದು ಬೆಂಕಿ ಮುಖಕ್ಕೆ ಬರುತ್ತದೆ. ಆಮೇಲೆ ಚಿಪ್ಪುಗಳನ್ನು ತೂಕ ನೋಡಿ ಬೇರೆ ಮಾಡುವುದು, ಉದ್ದ ಬೆಳೆದದ್ದನ್ನು ಸಮ ಕತ್ತರಿಸುವುದು, ಕಿಡಿಯ ತೂತಿನ ಒಳಬಾಯಿಯ ಮುಳ್ಳು ಹೆರೆಯುವುದು, ಎಷ್ಟನೇ ಸಲ ತುಂಬಿಸಿದ್ದೆಂದು ಬರೆದಿಡುವುದು. "ಹೊಡೆಯುವುದು ಒಂದು ಗಂಟೆ ಸರ್, ತಯಾರಿಗೆ ಒಂದು ವಾರ" ಎಂದ. ಪರೀಕ್ಷೆಗೆ ಇವನು ಹೀಗೆ ತಯಾರಿ ಮಾಡಿದ್ದು ನಮಗೆ ನೆನಪಿಲ್ಲ!

ಮಳೆಗಾಲದ ಪ್ರಶ್ನೆಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಇದೇ ದೇಶದಲ್ಲಿ ಒಂದು ಸೋಜಿಗ ನಡೆದಿತ್ತು. ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟಿದ್ದ ಸೈನ್ಯದ ತೋಟೆಗಳು ಯಾರೂ ಮುಟ್ಟದೆ ತಾವೇ ಬಿರುಕು ಬಿಡುತ್ತಿದ್ದವು. ಒಣ ಕಾಲದಲ್ಲಿ ಹಾಗಾಗುತ್ತಿರಲಿಲ್ಲ. ಹಾಗಾಗಿ ಅದಕ್ಕೆ 'ಋತುವಿನ ಬಿರುಕು' ಎಂಬ ಅರ್ಥದ ಹೆಸರೇ ಬಂತು. ಅಸಲು ಕಾರಣ ಕುದುರೆ ಮೂತ್ರದ ಅಮೋನಿಯ ಎಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಗಡಸಾದ ಹಿತ್ತಾಳೆಯೊಳಗೆ ಉಳಿದ ಎಳೆತ, ತೇವ, ಅಮೋನಿಯ, ಈ ಮೂರು ಸೇರಿದರೆ ಬಿರುಕು.

ನಮ್ಮಲ್ಲಿ ಕುದುರೆ ಲಾಯ ಇಲ್ಲ, ಆದರೆ ಹಟ್ಟಿ ಇದೆ! ಹಟ್ಟಿಯ ಪಕ್ಕದ ಕೊಟ್ಟಿಗೆಯಲ್ಲಿ ಯೂರಿಯ ಗೋಣಿ, ಅದರ ಮೇಲಿನ ಮಾಡಿನ ಸಂದಿಯಲ್ಲಿ ತೋಟೆಯ ಪೆಟ್ಟಿಗೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು. ಹನ್ನೆರಡು ಬೋರಿನ ತೋಟೆಯ ಮೈ ಈಗ ಪ್ಲಾಸ್ಟಿಕ್ಕಿನದ್ದಾದರೂ ಬುಡದ ಟೊಪ್ಪಿ ಲೋಹವೇ. ಕೇಪಿನ ಸುತ್ತ ಕಿಲುಬು ಬಂದರೆ, ತೇವ ಒಳಗೆ ಇಳಿದರೆ, ಅದು ಹಿಡಿಯದು. ನಮ್ಮ ಪೋಷಕರ ಪ್ರಶ್ನೆಗೆ ಉತ್ತರ ಇದು. ಹಂದಿಗೆ ಹೊಡೆಯುವ ಮೂವತ್ತು ನಲುವತ್ತು ಮೀಟರಿನಲ್ಲಿ ಸೆಕೆಂಡಿಗೆ ಹತ್ತು ಮೀಟರಿನ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಹಿಡಿಯುತ್ತದೋ ಇಲ್ಲವೋ, ಅದೊಂದೇ ಪ್ರಶ್ನೆ. ಎದುರು ಗಾಯಗೊಂಡ ಹಂದಿ ನಿಂತಿರುವಾಗ ಎರಡನೇ ತೋಟೆ ಹಿಡಿಯದಿದ್ದರೆ?

ಹುಡುಗನ ಮಾತು ಕೇಳಿದ ಅವನ ಸೋದರಮಾವನಿಗೆ ಆಸೆ ಹುಟ್ಟಿತು. "ಹಾಗಾದರೆ ನಾವೂ ಹಳೆ ಚಿಪ್ಪಿಗೆ ತುಂಬಿಸಿದರಾಯಿತು!" ಆಗ ಹುಡುಗನೇ "ಬೇಡ ಮಾವಾ" ಎಂದ. 1959ರ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ಆಯುಧವನ್ನೋ ಮದ್ದುಗುಂಡನ್ನೋ ತಯಾರಿಸಲು ಬೇರೆಯೇ ಲೈಸನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸನ್ಸ್ ಅದಕ್ಕೆ ಸಾಲದು. ಕಾನೂನು ಬಿಟ್ಟರೂ, ಅಳತೆ ತಪ್ಪಿದ ಮದ್ದು ಹಳೆಯ ನಳಿಗೆಯನ್ನು ಸೀಳುತ್ತದೆ. ಗಡಿಯಾಚೆಯ ಕೊಡಗಿನ ಕೊಡವರಿಗೆ ಕೋವಿಯ ಲೈಸನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದಾರೆ. ಕೈಲ್‌ಪೊಳ್ದಿನ ಹೊತ್ತಿಗೆ ಅಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆಯೂ ಇದೆ. ಪಾಣತ್ತೂರಿನ ಈಚೆಗಿರುವ ನಮಗೆ ಆ ವಿನಾಯಿತಿ ಇಲ್ಲ.

ಮದ್ದಿನ ವಿಷಯದಲ್ಲಿ ನಮ್ಮ ಜಿಲ್ಲೆ ಬೆಲೆ ಕೊಟ್ಟಾಗಿದೆ. 2024ರ ಅಕ್ಟೋಬರ್ 28ರ ರಾತ್ರಿ ನೀಲೇಶ್ವರದ ವೀರರ್‌ಕಾವಿನಲ್ಲಿ ಕಳಿಯಾಟದ ಹೊತ್ತಿಗೆ ಬೆಡಿ ಇಟ್ಟಿದ್ದ ಕೋಣೆಗೆ ಕಿಡಿ ಹಾರಿ 150ಕ್ಕೂ ಮಿಕ್ಕಿ ಜನ ಗಾಯಗೊಂಡರು, ಕೆಲವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಹೋದರು. ನಮ್ಮ ಹತ್ತಿರದ ಹಿರಿಯರೊಬ್ಬರ ಎಡಗೈಯಲ್ಲಿ ಎರಡು ಬೆರಳಿಲ್ಲ. ಚಿಕ್ಕಂದಿನಲ್ಲಿ ತೇವ ಹಿಡಿದ ಕೇಪುಗಳನ್ನು ಒಲೆಯ ಕಟ್ಟೆಯಲ್ಲಿ ಒಣಗಿಸಲು ಇಟ್ಟಿದ್ದರಂತೆ. ಒಣಗಿದ್ದು ನಿಜ.

ಹಾಗಾಗಿ ಪಿ.ಟಿ.ಎ. ಸಭೆಯಲ್ಲಿ ನಾವು ಆ ಕಾಗದವನ್ನು ಕನ್ನಡಕ್ಕೆ ತಂದು ಓದಿದೆವು, ಕೆಳಗೆ ನಾಲ್ಕು ಮಾತು ಸೇರಿಸಿದೆವು. ತೋಟೆಯನ್ನು ಹಟ್ಟಿ, ಗೊಬ್ಬರ, ಒಲೆ ಮೂರರಿಂದಲೂ ದೂರ, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಬೀಗ ಹಾಕಿ ಇಡಿ. ಕಿಲುಬು ಹಿಡಿದದ್ದನ್ನು, ಬಿರಿದದ್ದನ್ನು ಕೋವಿಗೆ ಹಾಕಬೇಡಿ, ಲೈಸನ್ಸಿನ ಅಂಗಡಿಯವರನ್ನೋ ಠಾಣೆಯವರನ್ನೋ ಕೇಳಿ. ಹಿಡಿಯದೆ ಹೋದರೆ ಕೂಡಲೇ ಕೋವಿ ಮಡಚಬೇಡಿ, ನಳಿಗೆಯನ್ನು ಜನರಿಲ್ಲದ ಕಡೆಗೆ ತಿರುಗಿಸಿ ಕಡಿಮೆ ಎಂದರೆ ಅರ್ಧ ನಿಮಿಷ ಹಾಗೇ ಹಿಡಿಯಿರಿ, ತಡವಾಗಿಯೂ ಹಿಡಿಯುವುದುಂಟು. ತೋಟದಲ್ಲಿ ತೋಟೆ ಸಿಕ್ಕಿದರೆ ಮಕ್ಕಳು ಮುಟ್ಟದೆ ದೊಡ್ಡವರನ್ನು ಕರೆಯಬೇಕು.

'ಮಿಸ್‌ಫೈರ್' ಎಂಬುದಕ್ಕೆ ನಾವು ನಿಘಂಟಿನಲ್ಲಿ ಹುಡುಕಿ ಒಂದು ದೊಡ್ಡ ಸಂಸ್ಕೃತ ಶಬ್ದ ಇಡಲು ಹೊರಟಿದ್ದೆವು. ಆ ಪೋಷಕರ ಮಾತು ನೆನಪಾಯಿತು. 'ಹಿಡಿಯದೆ ಹೋದರೆ' ಎಂದೇ ಬರೆದೆವು. ಒಬ್ಬರೂ ಅರ್ಥ ಕೇಳಲಿಲ್ಲ. ಸಭೆ ಮುಗಿದ ಮೇಲೆ ಮೂವರು ಆ ಹಾಳೆಯ ಪ್ರತಿ ಕೇಳಿ ಒಯ್ದರು. ನಿಮ್ಮ ಶಾಲೆಯ ಸುತ್ತ ಕೋವಿಯವರಿದ್ದರೆ ನೀವೂ ಒಂದು ಹಾಳೆ ಬರೆಯಿರಿ. ಕನ್ನಡದಲ್ಲಿ, ನಿಮ್ಮ ಊರಿನ ಕನ್ನಡದಲ್ಲಿ.