ಗೋರಂಟ್ಲದಲ್ಲಿ ನಾವು ಕಲಿತ ಪಾಠ

ಕಳೆದ ಕಾರ್ತಿಕದಲ್ಲಿ ಹಿಂದೂಪುರದಿಂದ ಬಸ್ಸೇರಿ ಗೋರಂಟ್ಲಕ್ಕೆ ಹೋಗಿದ್ದೆವು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗಡಿಯನ್ನು ಲೆಕ್ಕಿಸದೆ ಆಂಧ್ರಕ್ಕೆ ಹರಿದುಬರುವ ಚಿತ್ರಾವತಿಯ ದಡದ ಊರದು. ವಿಜಯನಗರ ಕಾಲದ ಮಾಧವರಾಯಸ್ವಾಮಿಯ ಗುಡಿಯನ್ನು ನೋಡಿ ಹೊರಬರುತ್ತಿರಲು, "ಮೇಷ್ಟ್ರೇ, ಗುರುತು ಸಿಕ್ಕಿತೇ?" ಎಂದು ಯುವಕನೊಬ್ಬ ಕೈಮುಗಿದು ನಿಂತ. ಜೊತೆಗೆ ಆರು ವರ್ಷದ ಮಗಳಿದ್ದಳು. ಕಡಲೆಕಾಯಿ ಮೂಟೆ ಹೊರುವುದು ಅವನ ಕೆಲಸ.

ಗುರುತು ಸಿಕ್ಕಿತು, ಮನಸ್ಸು ಮುದುಡಿತು. 1999ರಲ್ಲಿ ಅವನು ನಮ್ಮ ಒಂದನೆಯ ತರಗತಿಯಲ್ಲಿದ್ದ. ಕಡಲೆಕಾಯಿ ಕೀಳುವ ಕಾಲದಲ್ಲಿ ಹೆತ್ತವರೊಡನೆ ಹೊಲಕ್ಕೆ ಹೋದವನು ತಿಂಗಳ ಮೇಲೆ ಮರಳಿದ. ಅಷ್ಟರಲ್ಲಿ ಪಾಠ ಬಹಳ ಮುಂದೆ ಸಾಗಿತ್ತು. ಕೇಳಿದ್ದಕ್ಕೆ ಉತ್ತರ ಬಾರದಾಗ 'ದಡ್ಡ' ಎಂದುಬಿಟ್ಟೆವು. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಅಂಥ ಮಕ್ಕಳಿಗೊಂದು ದಾರಿ ಆ ವೇಳೆಗಾಗಲೇ ಸಿದ್ಧವಾಗಿತ್ತು. ಮದನಪಲ್ಲಿಯ ಬಳಿಯ ರಿಷಿವ್ಯಾಲಿಯವರು ಸುತ್ತಲಿನ ಹಳ್ಳಿಯ ಶಾಲೆಗಳಿಗಾಗಿ ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಬಿಡಿಸಿ, ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದರು. ಮಗು ಎಷ್ಟು ದಿನ ತಪ್ಪಿಸಿಕೊಂಡರೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಅದನ್ನು ಕಂಡುಬಂದ ಹೆಗ್ಗಡದೇವನಕೋಟೆಯ ಉಪಾಧ್ಯಾಯರು 1995ರಲ್ಲಿ ಯುನಿಸೆಫ್ ನೆರವಿನಿಂದ ಕನ್ನಡದಲ್ಲಿ 'ನಲಿಕಲಿ'ಯನ್ನು ಆರಂಭಿಸಿದರು. ಅಲ್ಲಿ ವರ್ಣಮಾಲೆಯ ಕ್ರಮವಿಲ್ಲ. ಮೊದಲು ಬರುವುವು ರ, ಗ, ಸ, ದ, ಅ. ಈ ಐದನ್ನು ಕಲಿತ ಮಗು ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ತರಬೇತಿಯಲ್ಲಿ ಇದನ್ನು ಕೇಳಿಯೂ ಬರಿಯ ಆಟವೆಂದು ನಾವು ತಳ್ಳಿಹಾಕಿದ್ದೆವು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಅದು ಬಂದ ಮೇಲೆಯೇ ನಮ್ಮ ಕಣ್ಣು ತೆರೆದದ್ದು.

"ಇವಳು ಓದುವುದು ತೆಲುಗು. ಮನೆಮಾತು ಕನ್ನಡ, ಓದಿಸೋಣವೆಂದರೆ ನನಗೇ ಬಾರದು" ಎಂದ ನಮ್ಮ ಹಳೆಯ ಶಿಷ್ಯ. ಗುಡಿಯ ಜಗಲಿಯಲ್ಲಿ ಕುಳಿತು ಆ ಐದಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆವು. ತಲೆಕಟ್ಟೊಂದನ್ನು ಬಿಟ್ಟರೆ ತೆಲುಗಿನಲ್ಲಿಯೂ ಅವುಗಳ ರೂಪ ಹೆಚ್ಚುಕಡಿಮೆ ಅದೇ. ಮಗು ತಡವರಿಸದೆ 'ಅಗಸ' ಎಂದಿತು. ಅವಳ ಬೆರಳನ್ನು ಅನುಸರಿಸಿ ತಂದೆಯೂ 'ಗರಗಸ' ಎಂದು ಓದಿ, "ಇಷ್ಟು ಸುಲಭವೇ ಮೇಷ್ಟ್ರೇ?" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ.

ಗಡಿಯಾಚೆಯ ತಾಯಂದಿರೇ, ನಿಮ್ಮ ಮಕ್ಕಳಿಗೆ ಶಾಲೆಯಲ್ಲಿ ಕನ್ನಡವಿಲ್ಲವೆಂದು ಕೈಚೆಲ್ಲಬೇಡಿರಿ. ಅವರು ಬಲ್ಲ ತೆಲುಗು ಅಕ್ಷರದಿಂದಲೇ ಆರಂಭಿಸಿರಿ. ನಮ್ಮಂಥ ಉಪಾಧ್ಯಾಯರಲ್ಲಿ ವಿನಂತಿ ಇಷ್ಟೆ: ಹಿಂದುಳಿದ ಮಗುವನ್ನು ದಡ್ಡನೆನ್ನುವ ಮೊದಲು, ಅದು ಯಾವ ಮೆಟ್ಟಿಲಿನಲ್ಲಿ ನಿಂತಿದೆಯೆಂದು ನೋಡೋಣ.