ಭರಣಿ ತೊಳೆದದ್ದಾಯ್ತು, ಮತ್ತೆ?

ಎರಡು ವರ್ಷದ ಹಿಂದೆ ಬಿಸು ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮದು ಕಡಬದ ಹತ್ತಿರದ ಕೋಡಿಂಬಾಳ. ಅಜ್ಜಿ ಮಾವಿನ ಮಿಡಿಯನ್ನು ಆಗಲೇ ಉಪ್ಪಿಗೆ ಹಾಕಿಟ್ಟಿದ್ದರು. ಖಾರ ಅರೆದು ಬೆರೆಸುವುದಷ್ಟೇ ಬಾಕಿ. ಕೈಗಂಟು ನೋವಿನಿಂದ ದೊಡ್ಡ ಭರಣಿ ಎತ್ತಲು ಆಗದೆ, "ಇದೊಂದು ತೊಳೆದು ಕೊಡು ಮಗಳೇ" ಅಂದರು. ನನಗೆ ಆಫೀಸ್ ಕಾಲ್ ಇತ್ತು. ಲಿಕ್ವಿಡ್ ಹಾಕಿ ಉಜ್ಜಿ, ಬೈರಾಸಿನಲ್ಲಿ ಒರೆಸಿ, ಹತ್ತು ನಿಮಿಷದಲ್ಲಿ ಕೊಟ್ಟೆ.

ಆಗಸ್ಟಿನಲ್ಲಿ ಅಮ್ಮನಿಗೆ ಫೋನ್ ಮಾಡಿ ಉಪ್ಪಿನಕಾಯಿ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅದು ಬೂಸ್ಟು ಬಂತು ಮಾರಾಯ್ತಿ. ಅಜ್ಜಿ ತೆಂಗಿನ ಬುಡಕ್ಕೆ ಹಾಕಿದ್ರು. ನಿನಗೆ ಹೇಳುವುದು ಬೇಡ ಅಂದಿದ್ರು."

ಮಿಡಿ ಸಿಗುವುದು ವರ್ಷಕ್ಕೊಮ್ಮೆ. ಬಿದ್ದ ಮಿಡಿ ಕೊಳೆಯುತ್ತದೆ ಅಂತ ಮರ ಹತ್ತಿ ಜಾಗ್ರತೆಯಿಂದ ಇಳಿಸಿದ್ದು. ಅಷ್ಟೂ ನನ್ನ ಹತ್ತು ನಿಮಿಷಕ್ಕೆ ಹೋಯಿತು.

ಅದೇ ಮಳೆಗಾಲ ಬೆಂಗಳೂರಿನ ರೂಮಿನಲ್ಲಿ ಕೊಂಬುಚಾ ಮಾಡಲು ಹೊರಟಿದ್ದೆ. ಎರಡು ಸಲವೂ ಮೇಲೆ ಹಸಿರು ಬೂಸ್ಟು. ತಾಯಿಪದರ ಸಮೇತ ಚೆಲ್ಲಬೇಕಾಯಿತು. ಟೀ ಪುಡಿ ಸರಿಯಿಲ್ಲ, ಸಕ್ಕರೆ ಸರಿಯಿಲ್ಲ ಅಂದುಕೊಂಡಿದ್ದೆ. ಓದುತ್ತಾ ಹೋದ ಹಾಗೆ ಗೊತ್ತಾಯಿತು: ತೊಳೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ. ಮೊದಲನೆಯದು ಕಣ್ಣಿಗೆ ಕಾಣುವ ಜಿಡ್ಡು ತೆಗೆಯುತ್ತದೆ, ಎರಡನೆಯದು ಕಾಣದ್ದನ್ನು. ಜಿಡ್ಡು ಉಳಿದರೆ ಅದರಡಿ ಸೂಕ್ಷ್ಮಜೀವಿಗಳು ಅಡಗಿ ಕೂರುತ್ತವೆ, ಕುದಿನೀರೂ ಪೂರ್ತಿ ತಲುಪುವುದಿಲ್ಲ. 1856ರಲ್ಲಿ ಫ್ರಾನ್ಸಿನ ಲಿಲ್ ಊರಲ್ಲಿ ಬೀಟ್‌ರೂಟಿನ ಮದ್ಯ ಹುಳಿಯಾಗುತ್ತಿದೆ ಅಂತ ಲೂಯಿ ಪಾಶ್ಚರ್ ಹತ್ತಿರ ದೂರು ಬಂದಿತ್ತು. ಕೆಟ್ಟ ತೊಟ್ಟಿಯ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದುಂಡಗಿನ ಯೀಸ್ಟ್ ಇರಬೇಕಾದಲ್ಲಿ ಕಡ್ಡಿಯಂಥ ಜೀವಿಗಳು! ಬೇಡದ ನೆಂಟರು.

ಮರುವರ್ಷ ಏಪ್ರಿಲಿನಲ್ಲಿ ನಾಲ್ಕು ದಿನ ರಜೆ ಹಾಕಿ ಹೋದೆ. "ಅಜ್ಜೀ, ಭರಣಿ ನಾನೇ ತೊಳೆಯುತ್ತೇನೆ, ನೀವು ಹೇಳಿಕೊಡಿ."

ಅಜ್ಜಿ ಕನ್ನಡಕದ ಮೇಲಿಂದ ನೋಡಿದರು. "ಇವತ್ತು ಕಾಲ್ ಇಲ್ವಾ?"

ಬಚ್ಚಲೊಲೆಯ ಬೂದಿ, ತೆಂಗಿನ ನಾರು. ಒಳಗೆ ಉಜ್ಜಿದ್ದಾಯಿತು. ಕಂಠದ ಅಂಚಿಗೆ, ಮುಚ್ಚಳದ ಸಂದಿಗೆ ಹಳೆ ಬ್ರಶ್ಶು. ಜಾರುವಿಕೆ ಪೂರ್ತಿ ಹೋಗುವವರೆಗೆ ನೀರು. ಆಮೇಲೆ ಮೊದಲು ಬಿಸಿನೀರು, ನಂತರ ಕುದಿನೀರು. ಒಮ್ಮೆಲೇ ಹೊಯ್ದರೆ ಭರಣಿ ಬಿರಿಯುತ್ತದೆ. ಅಡಿಕೆ ಒಣಹಾಕುವ ಅಂಗಳದಲ್ಲಿ ಎರಡು ದಿನ ಬಿಸಿಲು, ಇಬ್ಬನಿ ಬೀಳುವ ಮೊದಲು ಒಳಗೆ. ಮೂರನೇ ದಿನ ಕೆಂಡದ ಮೇಲೆ ಚೂರು ಇಂಗು ಹಾಕಿ, ಹೊಗೆಗೆ ಭರಣಿ ಕವುಚಿದೆವು. ಮರದ ಸೌಟಿಗೂ ಬಿಸಿಲು ಕಾಣಿಸಿದೆವು.

ಕೊನೆಗೆ ಅಜ್ಜಿ ಭರಣಿಯ ಬಾಯಿಗೆ ಮೂಗು ಹಿಡಿದರು, ಆಮೇಲೆ ಒಳಗೆ ಕೈ ಇಟ್ಟರು. "ಹಳೇ ವಾಸನೆ ಬಂದ್ರೆ ತೊಳೆದಿಲ್ಲ. ತಂಪು ಹತ್ತಿದ್ರೆ ಒಣಗಿಲ್ಲ. ಅಷ್ಟೇ."

ಪಾಶ್ಚರ್ ಹೆಸರು ಕೇಳದೆಯೂ ಇವರಿಗೆ ಎರಡೂ ಕೆಲಸ ಬೇರೆ ಅಂತ ಗೊತ್ತಿತ್ತು.

"ಆ ವರ್ಷ ನನಗೆ ಯಾಕೆ ಹೇಳಲಿಲ್ಲ ಅಜ್ಜಿ?"

"ಹೇಳಿದ್ರೆ ನೀನು ಮತ್ತೆ ಭರಣಿ ಮುಟ್ಟುತ್ತಿರಲಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಖಾರ ಅರೆಯಲು ಕೂತೆ.

ಈಗ ಕೊಂಬುಚಾ ಜಾರಿಗೂ ಅದೇ ಕ್ರಮ. ನಲ್ಲಿ ಇರುವ ಜಾರಾದರೆ ನಲ್ಲಿ ಬಿಚ್ಚಿ, ರಬ್ಬರ್ ವಾಷರನ್ನೂ ಬೇರೆ ತೊಳೆಯುತ್ತೇನೆ. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಿ ಬಳಸುವುದಿಲ್ಲ. ನೀವೂ ಮಾಡುವವರಾದರೆ ಒಂದು ಮಾತು: ಬ್ಲೀಚಿಗೆ ವಿನೆಗರ್ ಮಾತ್ರ ಎಂದೂ ಬೆರೆಸಬೇಡಿ, ವಿಷದ ಅನಿಲ ಬರುತ್ತದೆ. ಮತ್ತೆ, ಕಾಲ್ ಮುಗಿದ ಮೇಲೆಯೇ ಜಾರು ತೊಳೆಯಿರಿ.