ಬಟ್ಟೆಯೊಳಗಿನ ಉಕ್ಕು

ಉದ್ಯಮಬಾಗದ ವರ್ಕ್‌ಶಾಪುಗಳಲ್ಲಿ ವೆಲ್ಡಿಂಗ್ ಕಲಿತ ಹುಡುಗರು ಗಲ್ಫಿಗೆ ಹೋಗುವುದು ಬೆಳಗಾವಿಗೆ ಹೊಸತಲ್ಲ. ಖಾನಾಪುರ ರಸ್ತೆಯಲ್ಲಿ ಮೂರನೇ ರೈಲ್ವೆ ಗೇಟ್ ದಾಟಿದರೆ ಸಾಕು, ಫೌಂಡ್ರಿಯ ಕರಿ ಮರಳು, ಲೇತಿನ ಸದ್ದು, ಗ್ರೈಂಡರಿನ ಕಿಡಿ. ಇಲ್ಲಿ ನಾಲ್ಕೈದು ವರ್ಷ ಕೈ ಪಳಗಿಸಿಕೊಂಡವನಿಗೆ ವೀಸಾ ತರಿಸಿಕೊಡುವವರು ಚಹಾದಂಗಡಿಯಲ್ಲೇ ಸಿಗುತ್ತಾರೆ. ನಮ್ಮ ಅಕ್ಕನ ಮಗನೂ ಹಾಗೆಯೇ 2017ರಲ್ಲಿ ಕತಾರಿಗೆ ಹೋದ. ಏಜೆಂಟನಿಗೆ ಕೊಡಲು ಅಕ್ಕನ ಎರಡು ಬಳೆಗಳು ಗಿರವಿ ಅಂಗಡಿ ಸೇರಿದವು. ಕೆಲಸಗಾರನಿಂದ ನೇಮಕಾತಿಯ ಹಣ ವಸೂಲು ಮಾಡಬಾರದೆಂದು ಕತಾರಿನ ಕಾನೂನೇ ಹೇಳುತ್ತದೆಯಂತೆ. ಇದು ಮೊದಲೇ ಗೊತ್ತಿದ್ದರೂ ಬಳೆಗಳು ಉಳಿಯುತ್ತಿರಲಿಲ್ಲ ಬಿಡಿ. ಕಾನೂನು ದೋಹಾದಲ್ಲಿತ್ತು, ಏಜೆಂಟ್ ನಮ್ಮ ಓಣಿಯಲ್ಲಿದ್ದ.

ಅವನಿಗೆ ಸಿಕ್ಕಿದ್ದು ಅಲ್ ಖೋರ್ ಊರಿನಲ್ಲಿ ಏಳುತ್ತಿದ್ದ ಅಲ್ ಬೈತ್ ಸ್ಟೇಡಿಯಮ್ಮಿನ ಉಕ್ಕಿನ ಕೆಲಸ. 2022ರ ನವೆಂಬರ್ 20ರಂದು ವಿಶ್ವಕಪ್ಪಿನ ಉದ್ಘಾಟನೆ ನಡೆದದ್ದು ಅಲ್ಲಿಯೇ. ಆ ರಾತ್ರಿ ಅವನಿಂದ ವಾಯ್ಸ್ ಮೆಸೇಜ್ ಬಂತು: "ಮಾಮು, ಟೀವಿಯಲ್ಲಿ ದೊಡ್ಡ ಡೇರೆ ಕಾಣ್ತದಲ್ಲ, ಅದರೊಳಗೆ ನಾನೂ ಇದ್ದೀನಿ." ಅವನು ಆಗ ಇದ್ದದ್ದು ಮೂವತ್ತು ಮೈಲಿ ಆಚೆಯ ಲೇಬರ್ ಕ್ಯಾಂಪಿನಲ್ಲಿ. ಆದರೂ ಅವನ ಮಾತಿನ ಅರ್ಥ ನಮಗೆ ಆಗಿತ್ತು.

ಆ ತಿಂಗಳು ನಮ್ಮ ಮೊಹಲ್ಲಾದ ಸಂಭ್ರಮವನ್ನು ಹೇಳಿ ತೀರದು. ಅರಬ್ ನೆಲದಲ್ಲಿ ನಡೆದ ಮೊದಲ ವಿಶ್ವಕಪ್. ಸೌದಿಯವರು ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದ ದಿನ ಬೀದಿಯಲ್ಲಿ ಮಿಠಾಯಿ ಹಂಚಿದರು. ಡಿಸೆಂಬರ್ 10ರಂದು ಮೊರೊಕ್ಕೊ ಪೋರ್ಚುಗಲ್ಲನ್ನು ಮಣಿಸಿ ಸೆಮಿಫೈನಲ್ ತಲುಪಿದಾಗ, ಆಫ್ರಿಕದ ಯಾವ ದೇಶವೂ ಅದುವರೆಗೆ ಏರದ ಮೆಟ್ಟಿಲು ಅದು. ಮಗ ಗೆದ್ದಾಗ ಪ್ರೇಕ್ಷಕರ ನಡುವಿನಿಂದ ಮೈದಾನಕ್ಕೆ ಬಂದ ಹಿಜಾಬಿನ ತಾಯಂದಿರನ್ನು ಕಂಡು ನಮ್ಮ ಮನೆಯ ಹೆಂಗಸರು ಕಣ್ಣೊರೆಸಿಕೊಂಡರು. ಕಾಲ್ಚೆಂಡಿನ ಹೆಮ್ಮೆಯನ್ನು ನಾವು ಹೊರಗಿನಿಂದ ಕಡ ತರಬೇಕಾಗಿಯೇನೂ ಇಲ್ಲ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937 ಮತ್ತು 1938ರಲ್ಲಿ ಸತತವಾಗಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು; ಅಲ್ಲಿಯವರೆಗೆ ಆ ಕಪ್ಪು ಬಹುತೇಕ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿತ್ತು. ನಮ್ಮ ಹುಡುಗರಿಗೆ ರೊನಾಲ್ಡೊನ ಜೆರ್ಸಿ ನಂಬರ್ ಗೊತ್ತು, ಇದು ಗೊತ್ತಿಲ್ಲ.

2024ರ ಜನವರಿಯಲ್ಲಿ ಏಷ್ಯನ್ ಕಪ್ ಅದೇ ಕತಾರಿನಲ್ಲಿ ನಡೆಯಿತು. ಭಾರತವೂ ಆಡುತ್ತಿತ್ತು, ಟಿಕೆಟ್ಟುಗಳೂ ವಿಶ್ವಕಪ್ಪಿನಷ್ಟು ದುಬಾರಿಯಾಗಿರಲಿಲ್ಲ. ಅಳಿಯನೇ ಟಿಕೆಟ್ ತೆಗೆಸಿ ಅಮ್ಮನನ್ನೂ ನಮ್ಮನ್ನೂ ಕರೆಸಿಕೊಂಡ. ಅಕ್ಕ ಬೆಳಗಾವಿಯಲ್ಲಿ ಟಿಳಕವಾಡಿಯ ಲೇಲೆ ಮೈದಾನದ ಮುಂದೆ ಸಾವಿರ ಸಲ ರಿಕ್ಷಾದಲ್ಲಿ ಹಾದು ಹೋಗಿದ್ದಾಳೆ, ಒಮ್ಮೆಯೂ ಒಳಗೆ ಕಾಲಿಟ್ಟವಳಲ್ಲ. ಅವಳು ಜೀವನದಲ್ಲಿ ಕಂಡ ಮೊದಲ ಆಟದ ಮೈದಾನ ಸಮುದ್ರದಾಚೆಯದಾಯಿತು.

ದೋಹಾದ ಮೆಟ್ರೋ ಹಿಡಿದು ಎರಡು ದಿನ ಸ್ಟೇಡಿಯಂ ನೋಡುವುದೇ ನಮ್ಮ ಕೆಲಸವಾಯಿತು. ಅಲ್ ತುಮಾಮಾದ್ದು ಅರಬರು ತಲೆವಸ್ತ್ರದ ಕೆಳಗೆ ಹಾಕಿಕೊಳ್ಳುವ ಹೆಣೆದ ಟೋಪಿಯ ಆಕಾರ. ಕತಾರಿನವರೇ ಆದ ಇಬ್ರಾಹೀಂ ಜೈದಾ ಅದರ ವಿನ್ಯಾಸಕಾರರು. "ನಿಮ್ಮ ಭಾವನ ಟೋಪಿ ಹಾಂಗೇ ಅದ" ಎಂದಳು ಅಕ್ಕ. ಬಂದರಿನ ಪಕ್ಕದಲ್ಲಿ ಹಡಗಿನ ಕಂಟೇನರುಗಳನ್ನು ಪೇರಿಸಿ ಕಟ್ಟಿದ 974 ಎಂಬುದಿದೆ. ಕಂಟೇನರುಗಳ ಸಂಖ್ಯೆಯೂ ಅದೇ, ಕತಾರಿನ ದೂರವಾಣಿ ಸಂಕೇತವೂ ಅದೇ. ಲುಸೈಲ್ ಹೊಂಬಣ್ಣದ ಭಾರಿ ಬಟ್ಟಲು, ಮೆಸ್ಸಿ ಕಪ್ ಎತ್ತಿದ ಜಾಗ. ಎಲ್ಲವೂ ಚೆಂದ. ಆದರೆ ಎರಡನೆಯ ದಿನದ ಹೊತ್ತಿಗೆ ನಮ್ಮ ಕಣ್ಣು ಚೆಂದವನ್ನು ಬಿಟ್ಟು ಬೆಸುಗೆಗಳನ್ನು ಹುಡುಕತೊಡಗಿತ್ತು. ವೆಲ್ಡರನ ಜೊತೆ ತಿರುಗಿದರೆ ಹೀಗೇ ಆಗುತ್ತದೆ.

ಜನವರಿ 23ರಂದು ಅಲ್ ಬೈತ್‌ನಲ್ಲಿ ಭಾರತಕ್ಕೂ ಸಿರಿಯಾಕ್ಕೂ ಪಂದ್ಯ. ಮರಳುಗಾಡಿನ ಅಲೆಮಾರಿಗಳ ಡೇರೆಯಂತೆ, ಬಿಳಿ ಬಟ್ಟೆಗೆ ಕಪ್ಪು ಪಟ್ಟೆ. ಒಳಗೆ ಚಾವಣಿಯ ತುಂಬ ಕೆಂಪು ನೇಯ್ಗೆಯ ಚಿತ್ತಾರ. ಅಕ್ಕ ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಆಮೇಲೆ, "ಇದರಾಗ ನೀ ಮಾಡಿದ್ದು ಯಾವುದಪಾ?" ಎಂದು ಕೇಳಿದಳು.

"ಅಮ್ಮಿ, ಅದು ಕಾಣೂದಿಲ್ಲ. ಬಟ್ಟೆಯ ಒಳಗದ."

ಅವನ ಉಕ್ಕನ್ನೆಲ್ಲ ಆ ಚಿತ್ತಾರದ ಬಟ್ಟೆ ಮುಚ್ಚಿತ್ತು. ಅಷ್ಟು ಎತ್ತರದಲ್ಲಿ ಕೊಕ್ಕೆ ಹಾಕಿಕೊಂಡು ಜೋತಾಡಿದ ದಿನಗಳ ಬಗ್ಗೆ ಅವನು ತಾಯಿಗೆ ಅದುವರೆಗೆ ಹೇಳಿರಲಿಲ್ಲ, ಅಂದೂ ಹೇಳಲಿಲ್ಲ. ಕುರ್ಚಿಗಳ ಕೆಳಗಿಂದ ತಣ್ಣನೆಯ ಗಾಳಿ ಬಿಡುವ ಏರ್ಪಾಡನ್ನು ಮಾತ್ರ ಉತ್ಸಾಹದಿಂದ ವಿವರಿಸಿದ.

ಅರ್ಧವೇಳೆಗೆ ಅಸರ್ ಹೊತ್ತು. ಸ್ಟೇಡಿಯಮ್ಮಿನಲ್ಲೇ ನಮಾಜಿನ ಕೋಣೆ, ಹೆಂಗಸರಿಗೂ ಬೇರೆ ಇದೆ. ಅಕ್ಕ ಅತ್ತ ಹೋದಾಗ ಅಳಿಯ ಕ್ಯಾಂಪಿನ ಜೊತೆಗಾರನ ವಿಷಯ ತೆಗೆದ. ತೆಲಂಗಾಣದವನು, ಮೇಲಿನ ಬಂಕಿನಲ್ಲಿ ಮಲಗುತ್ತಿದ್ದ. 2019ರ ಜುಲೈಯ ಒಂದು ಬೆಳಿಗ್ಗೆ ಫಜರ್ ಹೊತ್ತಿಗೆ ಎಬ್ಬಿಸಿದರೆ ಏಳಲಿಲ್ಲ. ಕಾಗದದಲ್ಲಿ "ಸಹಜ ಸಾವು" ಎಂದು ಬರೆದರು. ಅವನಿಗೆ ಇಪ್ಪತ್ತೊಂಬತ್ತು ವರ್ಷ.

2010ರಲ್ಲಿ ಕತಾರಿಗೆ ವಿಶ್ವಕಪ್ ಸಿಕ್ಕ ಮೇಲಿನ ಹತ್ತು ವರ್ಷಗಳಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾಗಳ 6,500ಕ್ಕೂ ಹೆಚ್ಚು ವಲಸಿಗರು ಅಲ್ಲಿ ಸತ್ತರೆಂದು 2021ರಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಬರೆದಿತ್ತು. ಅವರೆಲ್ಲ ಸ್ಟೇಡಿಯಂ ಕಟ್ಟುವಾಗ ಸತ್ತವರಲ್ಲ. ಎಲ್ಲ ಬಗೆಯ ಸಾವುಗಳ ಲೆಕ್ಕ ಅದು. ಸ್ಟೇಡಿಯಂ ಕಾಮಗಾರಿಯಲ್ಲಿ ಕೆಲಸದಿಂದಾಗಿ ಸತ್ತವರು ಮೂವರೇ ಎಂದು ಸಂಘಟಕರು ಹೇಳುತ್ತ ಬಂದರು. ವಿಶ್ವಕಪ್ ನಡೆಯುತ್ತಿರುವಾಗಲೇ ಅವರ ಮುಖ್ಯಸ್ಥ ಹಸನ್ ಅಲ್ ತವಾದಿ ಟೀವಿ ಸಂದರ್ಶನದಲ್ಲಿ, ವಿಶ್ವಕಪ್ಪಿಗೆ ಸಂಬಂಧಿಸಿದ ಎಲ್ಲ ಕೆಲಸಗಳಲ್ಲಿ ಸತ್ತವರು 400ರಿಂದ 500 ಎಂದರು. ಮೂರಕ್ಕೂ ಐನೂರಕ್ಕೂ ನಡುವೆ ಆ ತೆಲಂಗಾಣದವನು ಎಲ್ಲಿ ಬರುತ್ತಾನೋ! ನಿದ್ದೆಯಲ್ಲಿ ಸತ್ತವನು ಯಾರ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ.

ಇದನ್ನು ನಮ್ಮವರ ಮುಂದೆ ಹೇಳಿದರೆ, ಪಶ್ಚಿಮದವರ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚೂ ಇತ್ತು, ಇರಲಿಲ್ಲವೆಂದಲ್ಲ. ಆದರೆ ಇದೇ ಅಲ್ ಬೈತ್‌ನ ಕೆಲಸಕ್ಕಿದ್ದ ಒಂದು ಕಂಪನಿಯ ನೂರರಷ್ಟು ಜನರಿಗೆ ಏಳು ತಿಂಗಳವರೆಗೂ ಸಂಬಳ ಸಿಕ್ಕಿರಲಿಲ್ಲವೆಂದು 2020ರಲ್ಲಿ ಆಮ್ನೆಸ್ಟಿ ಸಂಸ್ಥೆ ವರದಿ ಮಾಡಿತು. ಬೆವರಿನ ಮತ್ತು ಕೂಲಿಯ ಹದೀಸನ್ನು ನಾವು ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ? ಅದನ್ನು ನೆನಪಿಸಲು ಲಂಡನ್ನಿನವರೇ ಬರಬೇಕಾಯಿತೆಂಬುದು ನಮಗೆ ಹೆಚ್ಚು ಚುಚ್ಚುತ್ತದೆ. ಆ ಗದ್ದಲದಿಂದ ಒಳ್ಳೆಯದೂ ಆಯಿತು. 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮ ಹೋಯಿತು. 2021ರಲ್ಲಿ ಸಾವಿರ ರಿಯಾಲ್ ಕನಿಷ್ಠ ವೇತನ ಬಂತು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಬಿಸಿಲಲ್ಲಿ ದುಡಿಸಬಾರದೆಂದಾಯಿತು. ಅಳಿಯ ಸ್ಟೇಡಿಯಂ ಕಂಪನಿ ಬಿಟ್ಟು ಒಂದು ಮಾಲಿನ ಏಸಿ ಮೇಂಟೆನೆನ್ಸಿಗೆ ಸೇರಿದ್ದು ಆ ಬದಲಾವಣೆಯ ಬಲದಿಂದಲೇ. ಏಪ್ರಿಲ್ಲಿನಲ್ಲಿ ಫೌಂಡ್ರಿಯ ಕುಲುಮೆಯ ಮುಂದೆ ನಿಂತವನಿಗೆ ಇಂಥ ಗಂಟೆಗಳ ಲೆಕ್ಕ ಉದ್ಯಮಬಾಗದಲ್ಲಿ ಯಾರು ಇಡುತ್ತಾರೆ ಎಂದೂ ಕೇಳಬೇಕು. ಅಲ್ಲಿ ವಿಶ್ವಕಪ್ ನಡೆಯುವುದಿಲ್ಲವಲ್ಲ.

ಪಂದ್ಯದ ಎರಡನೆಯ ಭಾಗದಲ್ಲಿ ಸಿರಿಯಾ ಒಂದು ಗೋಲು ಹೊಡೆದು ಗೆದ್ದಿತು. ಮೂರು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯದೆ ಭಾರತ ಹೊರಬಿತ್ತು. ಸುತ್ತಲಿದ್ದ ಮಲಯಾಳಿ ಹುಡುಗರು ಕೊನೆಯವರೆಗೂ ಡೋಲು ಬಡಿದರು, ಸುನಿಲ್ ಛೇಟ್ರಿಯ ಹೆಸರು ಕೂಗಿದರು. ಸಿರಿಯಾದವರು ಅಳುತ್ತಿದ್ದರು; ಅವರು ಏಷ್ಯನ್ ಕಪ್ಪಿನ ಮುಂದಿನ ಸುತ್ತು ಕಂಡದ್ದು ಅದೇ ಮೊದಲು. ಅಕ್ಕನಿಗೆ ಸೋಲಿನ ಬೇಸರಕ್ಕಿಂತ ಅವರ ಅಳುವೇ ಹೆಚ್ಚು ತಟ್ಟಿತು. "ಪಾಪ, ಮನೀ ಕಳಕೊಂಡ ಮಂದಿ, ಗೆಲ್ಲಲಿ ಬಿಡು" ಎಂದಳು.

ನಮ್ಮ ಸಾಲಿನ ಕೆಳಗೆ ಹಳದಿ ಜಾಕೆಟ್ಟಿನ ಕಾವಲುಗಾರನೊಬ್ಬ ನಿಂತಿದ್ದ, ನೇಪಾಳದವನು. ಪ್ರೇಕ್ಷಕರ ಮೇಲೆ ಕಣ್ಣಿಡುವುದು ಅವನ ಕೆಲಸ, ಹಾಗಾಗಿ ತೊಂಬತ್ತು ನಿಮಿಷವೂ ಮೈದಾನಕ್ಕೆ ಬೆನ್ನು ಹಾಕಿಯೇ ಇದ್ದ. ಜನ ಕರಗಿದ ಮೇಲೆ ಅವನು ಅಳಿಯನನ್ನು ಹತ್ತಿರ ಕರೆದು, "ಭಾಯಿ, ಗೋಲ್ ಕೈಸಾ ಹುವಾ?" ಎಂದು ಕೇಳಿದ. ಅಳಿಯ ಖಾಲಿ ಮೈದಾನದತ್ತ ಕೈ ತೋರಿಸುತ್ತ, ಚೆಂಡು ಯಾರಿಂದ ಯಾರಿಗೆ ಹೋಯಿತು, ಗೋಲಿ ಎಲ್ಲಿ ನಿಂತಿದ್ದ ಎಂದೆಲ್ಲ ಹೇಳತೊಡಗಿದ. ಸೂಪರ್‌ವೈಸರ್ ಸೀಟಿ ಊದುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು. ಲುಸೈಲಿಗೆ ಹೋಗುವ ಬಸ್ಸಿನ ಸಾಲಿನಲ್ಲಿ ಅಕ್ಕ ಆಗಲೇ ನಮಗೂ ಜಾಗ ಹಿಡಿದಿದ್ದಳು.